ಸೋಪಪ್ಪನ ಹುಳಿ ಡ್ರಮ್ಮು

ಹೆತ್ತವರು ಏನು ಹೆಸರಿಟ್ಟಿದ್ದರೋ, ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದು ಸೋಪಪ್ಪ ಎಂದೇ. ಬಾಗಿಲ ಚಿಲಕ ಮುಟ್ಟಿದರೆ ಕೈ ತೊಳೆಯುವ, ತೊಳೆದ ಮೇಲೆ ನಲ್ಲಿ ಮುಟ್ಟಿದೆನಲ್ಲ ಎಂದು ಮತ್ತೆ ತೊಳೆಯುವ ಪ್ರಾಣಿ ಅದು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇವನ ಕೈ ಕೆಸರಾದದ್ದನ್ನು ಕಂಡವರಿಲ್ಲ, ಬಾಯಿಗೆ ಮೊಸರು ತಪ್ಪಿದ್ದನ್ನೂ ಕಂಡವರಿಲ್ಲ. ಇಂಥವನನ್ನು ಬಾತುಕೋಳಿ ಸಾಕುವ ಮನೆಯಲ್ಲಿ ಹುಟ್ಟಿಸಿದ ದೇವರಿಗೆ ಆ ದಿನ ಬೇರೆ ಕೆಲಸ ಇರಲಿಲ್ಲವೋ ಏನೋ.

ಅಪ್ಪ ಬಿಟ್ಟುಹೋದ ಬಾತುಕೋಳಿ ಶೆಡ್ಡನ್ನು ನಡೆಸುತ್ತಿದ್ದವಳು ಅವನ ಅಕ್ಕ. ಬಾತುಕೋಳಿಯ ಬುದ್ಧಿ ಅವಳಿಗೆ ಹೊಸದಲ್ಲ. ಕುಡಿಯುವ ನೀರನ್ನು ಹಾಸಿದ ಹೊಟ್ಟಿನ ಮೇಲೆ ಚೆಲ್ಲಿ, ಚೆಲ್ಲಿದ್ದರ ಮೇಲೆ ಹಿಕ್ಕೆ ಹಾಕಿ, ಅದರಲ್ಲೇ ಕೊಕ್ಕಾಡಿಸುವ ಜಾತಿ. ಆ ವಾಸನೆಗೆ ಅವಳ ಮೂಗು ಎಂದೋ ಒಗ್ಗಿತ್ತು. ಒಗ್ಗದೇ ಹೋದದ್ದು ಗಿರಾಕಿಯ ನಾಲಗೆಗೆ. ದೊಡ್ಡ ಹೋಟೆಲಿನ ಅಡುಗೆಯವನೊಬ್ಬನೇ ಅವರಿಗಿದ್ದ ಖಾಯಂ ಗಿರಾಕಿ. ಅವನು ಹೋದ ಸಲ ಬಂದಾಗ ಮುಖ ಸಿಂಡರಿಸಿದ್ದ.

"ಮಾಂಸ ಕೆಸರು ಕೆಸರು ನಾರುತ್ತೆ ಅಕ್ಕ. ಇನ್ನೊಂದು ಸಲ ನೋಡ್ತೀನಿ. ಆಮೇಲೂ ಹಿಂಗೇ ಆದ್ರೆ ನನ್ನ ದಾರಿ ನನಗೆ."

ಅವನು ಬಿಟ್ಟರೆ ಶೆಡ್ಡಿನ ಬಾಗಿಲು ಹಾಕಿದಂತೆಯೇ. ಅಕ್ಕನಿಗೆ ಅದು ಗೊತ್ತಿತ್ತು. ಸೋಪಪ್ಪನಿಗೂ ಗೊತ್ತಿತ್ತು. ಅದಕ್ಕೇ ಅವನು ಎಲ್ಲೋ ತರಬೇತಿ ಕೊಡುತ್ತಾರೆಂದು ಹೋಗಿ, ತಲೆಗೊಂದು ಟೋಪಿ, ಕೈಗೊಂದು ಬಾಟಲಿ ಹಿಡಿದು ಬಂದ.

"ಇದು ಪ್ರೋಬಯಾಟಿಕ್ ಅಕ್ಕ. ಒಳ್ಳೆ ಜಾತಿ ಜೀವಾಣು. ತೌಡು, ಜೋಳದ ನುಚ್ಚು, ಬೆಲ್ಲದ ನೀರು, ಜೊತೆಗೆ ಈ ಬಾಟಲಿಯದು, ಇದಿಷ್ಟು ಕಲಸಿ ಡ್ರಮ್ಮಿಗೆ ತುಂಬಿ ಬಿಗಿಯಾಗಿ ಮುಚ್ಚಿಡೋದು. ಹುಳಿ ಬಂದ ಮೇಲೆ ತಿನ್ನಿಸೋದು. ಹೊಟ್ಟೆ ಶುದ್ಧ, ಹಿಕ್ಕೆ ಗಟ್ಟಿ, ಮಾಂಸ ಘಮಘಮ."

"ಹುಳಿ ಹಿಡಿದದ್ದನ್ನ ಯಾರಾದ್ರೂ ತಿನ್ನಿಸ್ತಾರೇನೋ?"

"ನಿನಗೆ ತಿಳಿಯಲ್ಲ ಬಿಡು."

ಅಕ್ಕ ಬಿಟ್ಟಳು. ತಮ್ಮನ ಜೊತೆ ವಾದ ಮಾಡುವುದೂ ಬಾತುಕೋಳಿಯ ಬೆನ್ನ ಮೇಲೆ ನೀರು ಹೊಯ್ಯುವುದೂ ಒಂದೇ ಎಂದು ಅವಳು ಕಂಡುಕೊಂಡು ಬಹಳ ಕಾಲವಾಗಿತ್ತು.

ಮೊದಲ ಡ್ರಮ್ಮಿನ ಮುಚ್ಚಳ ತೆಗೆದಾಗ ಅದು ಬುಸ್ಸೆಂದು ಉಸಿರುಬಿಟ್ಟಿತು. ಹುಳಿ ಘಾಟು ಮೂಗಿಗೆ ಬಡಿದದ್ದೇ ಸೋಪಪ್ಪ ಹಾವು ತುಳಿದವನಂತೆ ಹಿಂದಕ್ಕೆ ಹಾರಿದ.

"ಕೆಟ್ಟುಹೋಗಿದೆ. ಇದು ಕೊಳಕು ಹುಳಿ. ತರಬೇತೀಲಿ ಹೇಳಿದ್ದು ಶುಚಿಯಾದ ಹುಳಿ."

ಹುಳಿಯಲ್ಲಿ ಅಂಥ ಎರಡು ಕುಲವಿದೆಯೆಂದು ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಅದು ಅವನ ಮೂಗೇ ಕಂಡುಹಿಡಿದದ್ದು. ಡ್ರಮ್ಮಿನಲ್ಲಿದ್ದುದೆಲ್ಲ ಶೆಡ್ಡಿನ ಹಿಂದಿನ ಕಸದ ಗುಂಡಿಗೆ ಹೋಯಿತು. ಎರಡನೆಯದೂ ಹಾಗೇ ಆಯಿತು, ಮೂರನೆಯದೂ. ಕೊನೆಗೆ ಅವನು ಡ್ರಮ್ಮನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದ. ಕಲಸಿದ ಫೀಡಿಗೆ ಬಾಟಲಿಯದನ್ನೂ ಹೊಯ್ದು ಒಲೆಯ ಮೇಲಿಟ್ಟ.

"ಅದಕ್ಕೆ ಜೀವ ಇದೆ ಅಂದೆಯಲ್ಲೋ?" ಅಂದಳು ಅಕ್ಕ.

"ಹೂಂ."

"ಮತ್ತೆ ಕುದಿಸ್ತಾ ಇದೀಯ?"

"ಜೀವಾಣು ಅಂದ್ಮೇಲೆ ಅದೂ ಸ್ವಲ್ಪ ಶುದ್ಧ ಆಗ್ಬೇಕು ತಾನೇ?"

ಮಗುವಿಗೆ ಸ್ನಾನ ಮಾಡಿಸುತ್ತೇನೆಂದು ಹಂಡೆಯೊಳಗೇ ಕೂರಿಸಿ ಉರಿ ಹಾಕುವ ತಾಯಿಗೆ ಏನು ಹೇಳುತ್ತೀರಿ? ಕುದಿಸಿದ್ದನ್ನೇ ಅವನು ಡ್ರಮ್ಮಿಗೆ ತುಂಬಿ ಮುಚ್ಚಿಟ್ಟ. ಆ ಡ್ರಮ್ಮು ಉಸಿರೂ ಬಿಡಲಿಲ್ಲ, ನಾರಲೂ ಇಲ್ಲ. ಮುಚ್ಚಳ ತೆಗೆದ ಸೋಪಪ್ಪ ಗೆದ್ದವನಂತೆ ಅಕ್ಕನ ಮುಖ ನೋಡಿದ. "ನೋಡು, ಆಸ್ಪತ್ರೆ ಇದ್ದಂಗಿದೆ." ಸತ್ತ ಹಿಟ್ಟನ್ನೇ ಬಾತುಕೋಳಿಗಳಿಗೆ ಬಡಿಸಿದ. ಸಾಲದ್ದಕ್ಕೆ ಹೊತ್ತಿಗೊಮ್ಮೆ ಶೆಡ್ಡು ತೊಳೆದು, ಹಾಸಿದ ಹೊಟ್ಟು ಒಣಗದಂತೆ ನೋಡಿಕೊಂಡ. ಬಾತುಕೋಳಿಗಳಿಗೆ ಭೇದಿ ಹತ್ತಿತು, ರೆಕ್ಕೆ ಅಂಟಂಟಾಯಿತು, ಎದೆಯ ಮೂಳೆ ಕೈಗೆ ಚುಚ್ಚತೊಡಗಿತು.

ಮೊದಲ ಡ್ರಮ್ಮು ತುಂಬಿದಾಗಲೇ ಗುಂಪಿನಲ್ಲಿದ್ದ ಕುಂಟು, ಸೊಟ್ಟ, ಸೊರಗಿದವನ್ನು ಶೆಡ್ಡಿನ ಹಿಂದಕ್ಕೆ ಅಟ್ಟಿಯಾಗಿತ್ತು. ರೋಗ ಹರಡುತ್ತದೆ ಎಂದವನು ಸೋಪಪ್ಪ. ಹೋಗೋ ಜೀವಕ್ಕೆ ಯಾಕೆ ಫೀಡು ದಂಡ ಎಂದವಳು ಅಕ್ಕ. ಅವು ಏನು ತಿನ್ನುತ್ತಿವೆಯೆಂದು ಇಬ್ಬರೂ ತಿರುಗಿ ನೋಡಲಿಲ್ಲ. ಅವನು ಡ್ರಮ್ಮು ಸುರಿದದ್ದೇ ನಾತಕ್ಕೆ ಹೆದರಿ ಓಡಿಬರುತ್ತಿದ್ದ. ಇವಳಿಗೆ ಒಳಗಿನ ಬಾತುಕೋಳಿಗಳದ್ದೇ ಚಿಂತೆ.

ಹೇಳಿದಂತೆ ಅಡುಗೆಯವನು ಮತ್ತೊಮ್ಮೆ ಬಂದ. ಶೆಡ್ಡಿನೊಳಗೆ ಒಂದನ್ನು ಎತ್ತಿ, ಎದೆ ಒತ್ತಿ ನೋಡಿ ಕೆಳಗಿಟ್ಟ. ಇನ್ನೊಂದನ್ನು ಎತ್ತಿ ಇಟ್ಟ. ಹಿಂಬಾಗಿಲಿನಿಂದ ಆಚೆ ಬಂದವನು ಗುಂಡಿಯ ಕಡೆ ನೋಡುತ್ತ ನಿಂತುಬಿಟ್ಟ.

"ಒಳ್ಳೇದನ್ನೆಲ್ಲ ಇಲ್ಲಿ ಬಚ್ಚಿಟ್ಟಿದೀರ?"

ಗುಂಡಿಯ ಅಂಚಿನಲ್ಲಿ ಕುಂಟುಗಳು ಮದುವಣಗಿತ್ತಿಯರಂತೆ ಹೊಳೆಯುತ್ತ ನಿಂತಿದ್ದವು. ಕುಂಟು ಹೋಗಿರಲಿಲ್ಲ, ಆದರೆ ಮೈ ತುಂಬಿತ್ತು, ಗರಿ ಒಣಗಿ ಬೆಳ್ಳಗಿತ್ತು.

"ಅವು ರೋಗದವು ಸ್ವಾಮಿ, ಮುಟ್ಟಬೇಡಿ," ಅಂದ ಸೋಪಪ್ಪ, ಕರವಸ್ತ್ರದೊಳಗಿಂದ.

"ರೋಗ ಯಾರಿಗೋ ಇದೆ, ಬಾತುಕೋಳಿಗಿಲ್ಲ."

ಅಡುಗೆಯವನು ಒಳಗಿನದೊಂದು, ಹಿಂದಿನದೊಂದು ಕೊಯ್ಯಿಸಿ, ಅಕ್ಕನ ಒಲೆಯಲ್ಲೇ ಬರೀ ಉಪ್ಪು ಹಾಕಿ ಬೇರೆ ಬೇರೆ ಬೇಯಿಸಿದ. ಒಳಗಿನದನ್ನು ಒಂದು ತುತ್ತು ತಿಂದು ತಟ್ಟೆ ದೂಡಿದ. ಹಿಂದಿನದನ್ನು ಮೂಳೆ ಚೀಪುವವರೆಗೂ ಬಿಡಲಿಲ್ಲ.

"ಇದಕ್ಕೆ ಏನು ತಿನ್ನಿಸಿದ್ರಿ ಅಕ್ಕ?"

ಸೋಪಪ್ಪ ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು. "ನನ್ನ ತಮ್ಮ ಕೆಟ್ಟಿದೆ ಅಂತ ಎಸೆದದ್ದನ್ನ."

ಅಡುಗೆಯವನು ಬೆರಳು ನೆಕ್ಕಿದ. "ಹಂಗಾದ್ರೆ ಎಸೀತಾನೇ ಇರಲಿ. ಈಗ ಹಿಂದಿನವನ್ನಷ್ಟೇ ಒಯ್ತೀನಿ. ಒಳಗಿನವೂ ಹಿಂಗಾದಾಗ ಹೇಳಿ ಕಳಿಸಿ, ಬರ್ತೀನಿ."

ಗಾಡಿ ಮರೆಯಾದ ಮೇಲೆ ಅಕ್ಕ ಎದ್ದು ಬ್ಲೀಚಿಂಗ್ ಪುಡಿಯ ಡಬ್ಬಿಯನ್ನು ಒಳಗಿಟ್ಟು ಬೀಗ ಹಾಕಿದಳು. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿ, ಹೊಸ ಡ್ರಮ್ಮಿನ ಮುಂದೆ ಕೂತು ಮೊಣಕೈವರೆಗೆ ತೌಡು ಕಲಸಿದಳು. ಮುಚ್ಚಳ ತೆಗೆಯುವ ದಿನ ತಮ್ಮನನ್ನೇ ಕರೆದಳು.

"ಮೂಸಿ ನೋಡೋ."

ಅವನು ಮೂಸಿ, ಕಣ್ಣಲ್ಲಿ ನೀರು ತಂದುಕೊಂಡು ದೂರ ಓಡಿದ. "ಥೂ. ಪೂರ್ತಿ ಕೆಟ್ಟಿದೆ."

"ಹಾಗಾದ್ರೆ ಸರಿಯಾಗಿದೆ," ಎಂದು ಅಕ್ಕ ಬುಟ್ಟಿ ತುಂಬಿಕೊಂಡು ಶೆಡ್ಡಿನೊಳಗೆ ಹೋದಳು.

ಹಿಕ್ಕೆ ಗಟ್ಟಿಯಾಯಿತು, ಗರಿ ಒಣಗಿತು, ಅಡುಗೆಯವನು ಮಾತಿನಂತೆ ಬಂದ. ಸೋಪಪ್ಪ ಈಗ ಟೀ ಅಂಗಡಿಯಲ್ಲಿ ಕೂತು, ಕೆಲವಕ್ಕೆ ಒಳಗೆ ಕುದಿಸಿದ್ದು, ಕೆಲವಕ್ಕೆ ಹಿಂದೆ ಹುಳಿ, ಹಾಗೆ ಹೋಲಿಸಿ ನೋಡಿದ್ದು ತನ್ನದೇ ಪ್ರಯೋಗ ಎಂದು ಹೇಳುತ್ತಾನೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ಇವನ ಮೀಸೆ ಮಣ್ಣಾದರೂ ಚಿಂತೆಯಿಲ್ಲ, ಜೇಬಲ್ಲೇ ಸೋಪಿದೆ.