ಕಾಲು ಹಿಡಿದವನು

ಗಿಣಿಯನ್ನು ಆಸ್ಪತ್ರೆಗೆ ತಂದವನು ಅವನನ್ನು ಹೊಡೆದವನೇ.

ಬೆಳಗಿನ ಹತ್ತು ಗಂಟೆ ಇರಬಹುದು. ತುರ್ತು ವಿಭಾಗದಲ್ಲಿ ಆರು ಮಂಚ, ನಡುನಡುವೆ ನೀಲಿ ಪರದೆ. ನೆಲ ಒರೆಸುವ ಹೆಂಗಸು ನಾಲ್ಕನೆಯ ಮಂಚದಡಿ ಯಾರದೋ ವಾಂತಿ ಬಳಿಯುತ್ತಿದ್ದಾಗ ತಳ್ಳುಗಾಡಿ ಒಳಗೆ ಬಂತು. ಮಲಗಿದ್ದವನ ಮುಖ ಊದಿ ಒಂದು ಕಣ್ಣು ಹೂತುಹೋಗಿತ್ತು. ತುಟಿ ಸೀಳಿತ್ತು. ಬಲಗೈ ಮಣಿಕಟ್ಟಿನ ಮೇಲೆ ಬಾಗಬಾರದ ಕಡೆಗೆ ಬಾಗಿತ್ತು. ಆದರೂ ಅವಳಿಗೆ ಗುರುತು ಸಿಕ್ಕಿತು. ಅವಳ ಗಂಡನ ಜೊತೆ ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ದುಡಿಯುವವನು. ಒಂದು ಗಳಿಗೆ ಬಾಯಿ ಮುಚ್ಚದ ಆಸಾಮಿಯಾದ್ದರಿಂದ ಎಲ್ಲರಿಗೂ ಗಿಣಿ. ಮೂವತ್ತೈದು ದಾಟಿದರೂ ಮದುವೆಯಿಲ್ಲ. ವಾರಕ್ಕೆರಡು ಸಲ ಊಟಕ್ಕೆ ಬಂದು, ಅವಳ ಗಂಡನನ್ನು ಅಣ್ಣ, ಅವಳನ್ನು ಅತ್ತಿಗೆ ಎಂದು ಕರೆದು, ಎರಡನೇ ಸಲ ಬಡಿಸಿಕೊಂಡು ಹೋಗುವವನು.

ಹಿಂದೆ ಮೇಸ್ತ್ರಿ ಇದ್ದ.

ಗಡಿ ದಾಟಿಸಿ ಮೂವತ್ತು ಜನರನ್ನು ಈ ಊರಿಗೆ ತಂದು ಶೆಡ್ಡಿಗೆ ಸೇರಿಸಿದವನು ಅವನು. ಇಲ್ಲಿಯ ಭಾಷೆಯೂ ಅವರ ಭಾಷೆಯೂ ನೀರು ಕುಡಿದಷ್ಟು ಸಲೀಸು. ಸರ್ಕಾರ ಒಬ್ಬೊಬ್ಬರಿಗೂ ಕೊಟ್ಟ ಆರೋಗ್ಯದ ಕಾರ್ಡು ಅವನ ಕಬ್ಬಿಣದ ಬೀರುವಿನಲ್ಲಿತ್ತು. ಕಾಯಿಲೆ ಬಿದ್ದರೆ ಅವನು ಕೊಟ್ಟ ಮಾತ್ರೆಯೇ ಔಷಧಿ, ಅವನು ಹೇಳಿದ್ದೇ ರೋಗ.

ಟೋಪಿ, ಮಾಸ್ಕಿನ ಮರೆಯಲ್ಲಿದ್ದ ಅವಳ ಗುರುತು ಮೇಸ್ತ್ರಿಗೆ ಹತ್ತಲಿಲ್ಲ. ಕನ್ನಡಕದ ಎಳೆಯ ಡಾಕ್ಟರಮ್ಮ ಬಂದು ಏನಾಯಿತೆಂದು ಕೇಳಿದಳು.

“ಏಣಿಯಿಂದ ಬಿದ್ದ. ಕೈ ಮುರಿದಿರಬೇಕು,” ಎಂದ ಮೇಸ್ತ್ರಿ, ಇಲ್ಲಿಯ ಭಾಷೆಯಲ್ಲಿ, ಬಲು ವಿನಯದಿಂದ.

“ಎಲ್ಲೆಲ್ಲಿ ನೋವಿದೆ ಅಂತ ಕೇಳಿ.”

ಮೇಸ್ತ್ರಿ ಗಿಣಿಯ ಹಣೆ ಸವರುತ್ತ ಬಗ್ಗಿದ. ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ, ತಮ್ಮ ಭಾಷೆಯಲ್ಲಿ ಹೇಳಿದ: “ಬಾಯಿ ಬಿಟ್ಯೋ, ಶೆಡ್ಡಿಗೆ ವಾಪಸ್ ಕರ್ಕೊಂಡು ಹೋಗಿ ನಿನ್ನ ನಾಲಿಗೇನ ಗರಗಸಕ್ಕೆ ಕೊಡ್ತೀನಿ.”

ಡಾಕ್ಟರಮ್ಮ ಮೆಚ್ಚಿಕೊಂಡವಳಂತೆ ಅವನನ್ನು ನೋಡಿದಳು.

“ಹೊಟ್ಟೆ,” ಎಂದ ಗಿಣಿ ಮೆಲ್ಲಗೆ. “ಎಡಗಡೆ. ಎಡ ಭುಜ ಎಳೀತಿದೆ. ಉಸಿರು ಸಿಗ್ತಿಲ್ಲ.”

“ಕೈ ಒಂದೇ ಅಂತೆ,” ಎಂದ ಮೇಸ್ತ್ರಿ. “ಕುಡಿದಿದ್ದಾನೆ ಡಾಕ್ಟ್ರೇ. ಸಣ್ಣದಕ್ಕೂ ರಂಪ ಮಾಡೋ ಜಾಯಮಾನ.”

ಅಷ್ಟರಲ್ಲಿ ಬಾಗಿಲಲ್ಲಿ ಇನ್ನೊಂದು ಅಪಘಾತದ ಕೇಸು ಬಂತು. ಡಾಕ್ಟರಮ್ಮ ಕೈಯ ಎಕ್ಸ್-ರೇ ಬರೆದುಕೊಟ್ಟು ಅತ್ತ ಓಡಿದಳು. ಮೇಸ್ತ್ರಿ ಚೀಟಿ ಹಿಡಿದು ಕೌಂಟರಿಗೆ ಹೋದ.

ಗುಡಿಸುವವರು ರೋಗಿಗಳ ಜೊತೆ ಮಾತಾಡಕೂಡದು. ನೆಲ ನೋಡು, ಮಂಚ ನೋಡಬೇಡ ಅಂತ ಅವಳ ಕಂಪನಿಯ ಮೇಲ್ವಿಚಾರಕ ಮೊದಲ ದಿನವೇ ಹೇಳಿದ್ದ. ಅವಳು ಪರದೆ ಎಳೆದು ಮಾಸ್ಕ್ ಕೆಳಗಿಳಿಸಿದಳು.

ಗಿಣಿಯ ಒಂದೇ ಕಣ್ಣು ಅರಳಿತು. “ಅತ್ತಿಗೇ...”

“ಯಾರೋ ಹೊಡೆದಿದ್ದು?”

ಅವನು ತುಂಡು ತುಂಡಾಗಿ ಹೇಳಿದ. ಮೂರು ತಿಂಗಳಿಂದ ಕೆಮ್ಮಿದರೆ ರಕ್ತ. ಕಲ್ಲಿನ ಪುಡಿ ಎದೆಯಲ್ಲಿ ಕೂತಿದೆ ಎಂದು ಲಾರಿ ಡ್ರೈವರೊಬ್ಬ ಹೇಳಿದ್ದ. ಕಾರ್ಡು ಕೊಡು ಅಂದರೆ ಮೇಸ್ತ್ರಿ ಕೊಡಲಿಲ್ಲ. ಇವತ್ತು ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಗಿಣಿ ಉಳಿ ಹಾಕಿ ಬೀರುವಿನ ಬೀಗ ಮೀಟಿದ. ಕಾರ್ಡು ಕೈಗೆ ಸಿಕ್ಕಿತ್ತು. ತಿರುಗಿದರೆ ಬಾಗಿಲಲ್ಲಿ ಮೇಸ್ತ್ರಿ. ಎಲ್ಲರನ್ನೂ ಕರೆದು ಸುತ್ತ ನಿಲ್ಲಿಸಿ, ನೀರಿನ ಪೈಪಿನ ತುಂಡಿನಿಂದ ಹೊಡೆದ. ಅಡ್ಡ ಬಂದ ಕೈ ಲಟಕ್ಕೆಂದಿತು. ಆಮೇಲೆ ಬೂಟುಗಾಲಲ್ಲಿ ಎಡ ಪಕ್ಕೆಗೆ ಒದ್ದ, ಲೆಕ್ಕವಿಲ್ಲದಷ್ಟು. ಲಾರಿ ಡ್ರೈವರು ಪೊಲೀಸರಿಗೆ ಫೋನ್ ಮಾಡ್ತೀನಿ ಅಂದದ್ದಕ್ಕೆ ತಾನೇ ಕಾರಿಗೆ ಹಾಕಿಕೊಂಡು ಬಂದ.

“ಅಷ್ಟು ಜನ ಇದ್ರಲ್ಲೋ, ಯಾರೂ ಬಿಡಿಸಲಿಲ್ವಾ? ನಿಮ್ಮಣ್ಣ ಎಲ್ಲಿದ್ದ?”

ಗಿಣಿ ನಗಲು ಹೋದ. ತುಟಿಯಿಂದ ರಕ್ತ ಇಳಿಯಿತು. “ಇಷ್ಟು ವರ್ಷದಲ್ಲಿ ಯಾರೂ ನನ್ನ ಕಾಲು ಹಿಡಿದಿರಲಿಲ್ಲ ಅತ್ತಿಗೆ. ಇವತ್ತು ಅಣ್ಣ ಹಿಡಿದ. ಒದೆಯುವಾಗ ನಾನು ಹೊರಳಬಾರದು ಅಂತ.”

ಅವಳು ಅವನ ಕೈ ಮುಟ್ಟಿದಳು. ತಣ್ಣಗೆ ಜಿಗುಟಾಗಿತ್ತು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನಾಲ್ಕು ವರ್ಷ ಆ ನೆಲ ಒರೆಸಿದವಳಿಗೆ ಆ ಬಣ್ಣ ಗೊತ್ತು. ಆ ಬಣ್ಣದವರ ಮಂಚವನ್ನು ಗಂಟೆಯೊಳಗೆ ತೊಳೆಯಬೇಕಾಗಿ ಬರುತ್ತದೆ.

ಮೇಸ್ತ್ರಿ ಪರದೆ ಸರಿಸಿ ಒಳಗೆ ಬಂದ. ಅವಳು ಬೇಗ ಮಾಸ್ಕ್ ಏರಿಸಿದಳು. ಅವನು ತಳ್ಳುಗಾಡಿಯನ್ನು ಎಕ್ಸ್-ರೇ ಕೋಣೆಯತ್ತ ತಿರುಗಿಸಲಿಲ್ಲ. ಹೊರಬಾಗಿಲತ್ತ ತಿರುಗಿಸಿದ. ಇವನ ಎದೆಯೊಳಗಿನ ಪುಡಿ ಒಬ್ಬ ಡಾಕ್ಟರ ಕಣ್ಣಿಗೆ ಬಿದ್ದರೂ ಶೆಡ್ಡಿಗೆ ಬೀಗ ಬೀಳುತ್ತದೆಂದು ಅವನಿಗೆ ತಿಳಿದಿತ್ತು.

ಅವಳು ಬಕೆಟ್ಟನ್ನು ಒದ್ದಳು. ಫಿನಾಯಿಲ್ ನೀರು ಗಾಡಿಯ ಚಕ್ರದಡಿ ಹರಿಯಿತು. ಮಾಪಿನ ಕೋಲನ್ನು ಅಡ್ಡ ಹಿಡಿದು ಬಾಗಿಲಲ್ಲಿ ನಿಂತಳು.

“ಡಾಕ್ಟರ್!” ಎಂದು ಕಿರುಚಿದಳು. ಇಲ್ಲಿಯ ಭಾಷೆಯಲ್ಲಿ ಅವಳಿಗೆ ತರಕಾರಿ ಕೊಳ್ಳಲು ಈಗಲೂ ಬರುವುದಿಲ್ಲ. ಬರುವುದೆಲ್ಲ ಆಸ್ಪತ್ರೆಯ ಮಾತು. “ಬಿದ್ದಿಲ್ಲ! ಹೊಡೆತ! ಹೊಟ್ಟೆ, ಎಡ, ಒಳಗೆ ರಕ್ತ! ಭುಜ ನೋವು! ಇವನು ಸುಳ್ಳು! ಇವನೇ ಹೊಡೆದವನು!”

ಮೇಸ್ತ್ರಿ ಒಂದೇ ಹೆಜ್ಜೆಗೆ ಬಂದು ಅವಳ ಮಾಸ್ಕ್ ಕಿತ್ತ. ಕ್ಷಣ ನೋಡಿದ.

“ಓಹೋ, ನೀನಾ! ನಿನ್ನ ಗಂಡನೂ ಇದರಲ್ಲಿದ್ದಾನೆ ಕಣೇ, ಗೊತ್ತಾ?”

“ಗೊತ್ತು.”

ಜುಟ್ಟು ಹಿಡಿದು ಅವಳ ತಲೆಯನ್ನು ಕೈ ತೊಳೆಯುವ ತೊಟ್ಟಿಯ ಅಂಚಿಗೆ ಬಡಿದ. ಹುಬ್ಬು ಒಡೆಯಿತು. ಕಣ್ಣಿಗೆ ರಕ್ತ ಇಳಿದು ಲೋಕವೇ ಕೆಂಪಾಯಿತು. ಎರಡನೇ ಸಲ ಬಡಿಯುವಾಗ ಅವಳು ಬಾಯಿಗೆ ಸಿಕ್ಕ ಅವನ ಬೆರಳನ್ನು ಕಚ್ಚಿ, ಬಿಡಲಿಲ್ಲ. ಅವನು ಗೂಳಿಯಂತೆ ಅರಚಿದ. ಮುಷ್ಟಿಯಿಂದ ಅವಳ ಕಿವಿಗೆ, ಬೆನ್ನಿಗೆ ಗುದ್ದಿದ. ಒದ್ದೆ ನೆಲದ ಮೇಲೆ ಇಬ್ಬರೂ ಜಾರಿ ಬಿದ್ದರು. ಬಿದ್ದಲ್ಲೇ ಅವಳು ಮಾಪಿನ ಕೋಲನ್ನು ಅವನ ಗಂಟಲಿಗೆ ಒತ್ತಿ, ಮೈಭಾರವನ್ನೆಲ್ಲ ಹಾಕಿದಳು. ಗಾರ್ಡು ಬಂದು ಎಳೆಯದಿದ್ದರೆ ಕೊಂದೇ ಬಿಡುತ್ತಿದ್ದಳೋ ಏನೋ. ಬಿಡಿಸಲು ಇಬ್ಬರು ಬೇಕಾದರು.

ಡಾಕ್ಟರಮ್ಮ ಆಗಲೇ ಗಿಣಿಯ ಅಂಗಿ ಕತ್ತರಿಸಿದ್ದಳು. ಎಡ ಪಕ್ಕೆಯ ಮೇಲೆ ಬೂಟಿನ ಗುರುತು ನೀಲಿಗಟ್ಟಿತ್ತು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಡಾಕ್ಟರಮ್ಮ ಬೈಯುತ್ತ, ಯಾರನ್ನೋ, ಬಹುಶಃ ತನ್ನನ್ನೇ, ಗಾಡಿಯನ್ನು ಆಪರೇಷನ್ ಕೋಣೆಗೆ ಓಡಿಸಿದಳು.

ನರ್ಸು ಹುಬ್ಬಿಗೆ ನಾಲ್ಕು ಹೊಲಿಗೆ ಹಾಕುವಾಗಲೇ ಪೊಲೀಸ್ ಅಧಿಕಾರಿ ಎದುರು ಕುಳಿತ. ಅವಳು ಗಿಣಿ ಹೇಳಿದ್ದನ್ನೆಲ್ಲ ಹರಕುಮುರುಕಾಗಿ ಹೇಳಿದಳು.

“ಹೊಡೆದವನು ಇವನೊಬ್ಬನೇನಾ?”

ಗಿಣಿ ಬದುಕುವುದು ಖಾತ್ರಿಯಿರಲಿಲ್ಲ. ಶೆಡ್ಡಿನವರು ಮೇಸ್ತ್ರಿಯ ಭಯಕ್ಕೆ ತುಟಿ ಪಿಟಕ್ಕೆನ್ನುವವರಲ್ಲ. ಆ ಒಂದು ಮಾತನ್ನು ಅವಳು ನುಂಗಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಸೂಜಿ ನಾಲ್ಕನೇ ಸಲ ಚರ್ಮಕ್ಕಿಳಿಯಿತು.

“ಕಾಲು ಹಿಡಿದವನು ಒಬ್ಬ,” ಎಂದಳು. ಗಂಡನ ಹೆಸರು ಹೇಳಿದಳು. ಕೋಣೆಯ ವಿಳಾಸ ಬರೆಸಿದಳು.

ಪೊಲೀಸರಿಗಿಂತ ಮುಂಚೆ ತಾನೇ ಮನೆ ಮುಟ್ಟಬೇಕೆಂದು ಬಸ್ಸು ಹಿಡಿದಳು.

ಮೂರನೇ ಮಹಡಿಯ ಒಂಟಿ ಕೋಣೆ. ಬಾಗಿಲು ಅರ್ಧ ತೆರೆದಿತ್ತು. ಗಂಡ ಚೀಲಕ್ಕೆ ಬಟ್ಟೆ ತುರುಕುತ್ತಿದ್ದ. ಅವಳ ಮುಖ ನೋಡಿ ನಿಂತ.

“ಯಾರು ಮಾಡಿದ್ದು ಇದನ್ನ?”

“ನಿನ್ನ ಮೇಸ್ತ್ರಿ. ನನ್ನ ಕಾಲು ಹಿಡಿಯೋಕೆ ಅಲ್ಲಿ ಯಾರೂ ಇರಲಿಲ್ಲ.”

ಅವನು ತಲೆ ತಗ್ಗಿಸಿದ. “ನಾನು ಹಿಡೀದಿದ್ರೆ ಇನ್ನೊಬ್ಬ ಹಿಡೀತಿದ್ದ ಕಣೇ.”

“ಹಾಗಿದ್ರೆ ಇವತ್ತು ಇನ್ನೊಬ್ಬನ ಹೆಸರು ಹೇಳಿ ಬರ್ತಿದ್ದೆ.”

ಅವನು ಚೀಲ ಕೈಬಿಟ್ಟ. “ಪೊಲೀಸರಿಗಾ? ನನ್ನ ಹೆಸರಾ?”

ಹನ್ನೊಂದು ವರ್ಷದ ಸಂಸಾರದಲ್ಲಿ ಅವನು ಒಂದು ದಿನವೂ ಕೈಯೆತ್ತಿರಲಿಲ್ಲ. ಈಗ ಎರಡೂ ಕೈಯಿಂದ ಅವಳ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಕಲ್ಲು ಹೊತ್ತ ಕೈ. ಬೆರಳು ಇಕ್ಕಳದಂತೆ ಬಿಗಿದವು. ಹೊಲಿಗೆ ಬಿಚ್ಚಿ ಮತ್ತೆ ರಕ್ತ ಇಳಿಯಿತು. ಕಿವಿಯಲ್ಲಿ ಗುಯ್ ಎಂಬ ಸದ್ದು. ಅವಳು ಮೊಣಕಾಲೆತ್ತಿ ತೊಡೆಸಂದಿಗೆ ಬೀಸಿದಳು. ಅವನು ಹಿಂದಕ್ಕೆ ಸರಿದ, ಮತ್ತೆ ನುಗ್ಗಲು ಉಸಿರೆಳೆದ. ಎಳೆದ ಉಸಿರು ಅಲ್ಲೇ ಸಿಕ್ಕಿಕೊಂಡಿತು.

ಕೆಮ್ಮು ಶುರುವಾಯಿತು. ಎರಡಾಗಿ ಬಾಗಿಸುವ ಕೆಮ್ಮು. ಅವನು ನೆಲಕ್ಕೆ ಕೈಯೂರಿದ. ಚೀಲದಿಂದ ಹೊರಬಿದ್ದ ಬಿಳಿ ಅಂಗಿಯ ಮೇಲೆ ಕೆಂಪು ಉಗುಳು ಬಿತ್ತು. ಅವನು ಗಾಬರಿಪಡಲಿಲ್ಲ, ಅಂಗಿಯನ್ನು ಮಡಿಸಿ ಅದನ್ನು ಮುಚ್ಚಲು ನೋಡಿದ. ಎಷ್ಟು ದಿನದಿಂದ ಹೀಗೆ ಮಡಿಸಿ ಮುಚ್ಚುತ್ತಿದ್ದಾನೋ!

“ನಿನಗೂ ಬಂದಿದೆಯಾ?”

“ಎಲ್ಲರಿಗೂ ಬಂದಿದೆ.” ಅವನು ಬಾಯಿ ಒರೆಸಿಕೊಂಡ. “ಬಿಡೇ, ಹೋಗ್ತೀನಿ. ಊರಿಗೆ ಹೋಗ್ತೀನಿ.”

“ಊರಿಗೆ ಹೋಗಿ ಸಾಯ್ತೀಯ.”

ಅವಳು ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಗೆ ಬಂದು ಬಾಗಿಲು ದೂಡಿ ಚಿಲಕ ಹಾಕಿದಳು. ಅವನು ಒದ್ದ. ಹೆಗಲು ಕೊಟ್ಟು ಗುದ್ದಿದ. ಅವಳ ಅಪ್ಪ ಅಮ್ಮನನ್ನೆಲ್ಲ ಎಳೆದು ಬೈದ. ಚಿಲಕದ ಒಂದು ಮೊಳೆ ಸಡಿಲವಾಯಿತು. ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಎದುರಿನ ಮೋಟುಗೋಡೆಗೆ ಪಾದ ಒತ್ತಿ ತಡೆದಳು. ಒಂದೊಂದು ಒದೆತವೂ ಬೆನ್ನುಮೂಳೆಗೆ ಬಂದು ಬಡಿಯಿತು. ಪಕ್ಕದ ಮನೆಯವರು ಇಣುಕಿ ಬಾಗಿಲು ಹಾಕಿಕೊಂಡರು. ಬೈಗುಳ ಬೇಡಿಕೆಯಾಯಿತು, ಬೇಡಿಕೆ ಕೆಮ್ಮಾಯಿತು. ಪೊಲೀಸರು ಮೆಟ್ಟಿಲು ಹತ್ತಿ ಬಂದಾಗ ಒಳಗೆ ಕೆಮ್ಮು ಮಾತ್ರ ಉಳಿದಿತ್ತು.

“ಮೊದಲು ಆಸ್ಪತ್ರೆ,” ಎಂದಳು ಅವಳು ಅವರಿಗೆ. “ಎದೆ ಎಕ್ಸ್-ರೇ. ಆಮೇಲೆ ನಿಮ್ಮ ಸ್ಟೇಷನ್.”

ಗಿಣಿ ಬದುಕಿದ. ಎಡ ಪಕ್ಕೆಯಡಿ ಒಡೆದಿದ್ದ ಗುಲ್ಮವನ್ನು ತೆಗೆದುಹಾಕಿದರು, ಕೈಗೆ ಸರಳು ಕೂರಿಸಿದರು. ಪೊಲೀಸರು ಬೀರು ತೆಗೆಸಿ ಕಾರ್ಡುಗಳನ್ನು ಹಂಚಿದರು. ಮೂವತ್ತು ಜನರ ಎದೆ ನೋಡಿದಾಗ ಹತ್ತೊಂಬತ್ತು ಜನರಲ್ಲಿ ಪುಡಿಯಿತ್ತು. ಶೆಡ್ಡಿಗೆ ಮೊಹರು ಬಿತ್ತು. ಮೇಸ್ತ್ರಿಗೆ ನಾಲ್ಕು ವರ್ಷ ಜೈಲಾಯಿತು. ಅವಳ ಗಂಡನಿಗೆ ಆದದ್ದು ಎಂಟು ತಿಂಗಳು. ಅದನ್ನು ಅವನು ಹೆಚ್ಚಾಗಿ ಎದೆರೋಗದ ವಾರ್ಡಿನಲ್ಲಿ, ಬಾಗಿಲಲ್ಲಿ ಕಾವಲಿಟ್ಟುಕೊಂಡು, ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡು ಕಳೆದ. ಆಸ್ಪತ್ರೆಗೆ ಬಂದವರ ಮೇಲೆ ಕೈಮಾಡಿದಳೆಂದು ಕಂಪನಿ ಅವಳನ್ನು ಕೆಳಮಹಡಿಯ ಬಟ್ಟೆ ಒಗೆಯುವ ಕೋಣೆಗೆ ಹಾಕಿತು.

ವಾರಕ್ಕೆರಡು ದಿನ ಅವಳು ಕೆಲಸ ಮುಗಿಸಿ ಮೇಲೆ ಹೋಗುತ್ತಿದ್ದಳು. ಗಂಡನ ಉಗುಳುಬಟ್ಟಲು ತೊಳೆಯುತ್ತಿದ್ದಳು, ಬೆನ್ನು ಒರೆಸುತ್ತಿದ್ದಳು. ಹೆಚ್ಚು ಮಾತಿಲ್ಲ. ಕುತ್ತಿಗೆಯ ಮೇಲಿನ ಬೆರಳಿನ ಗುರುತು ಮಾಯುವುದಕ್ಕೆ ಮುಂಚೆಯೇ ಅವಳು ಬೇರೆ ಕೋಣೆ ಹಿಡಿದಿದ್ದಳು.

ಒಂದು ಮಧ್ಯಾಹ್ನ ಅವನು ಕೇಳಿದ: “ಗಿಣಿ ಸಿಕ್ತಾನಾ? ನನ್ನದು ತಪ್ಪಾಯ್ತು ಅಂತ ನೀನೊಂದು ಮಾತು ಹೇಳು.”

“ಇನ್ನೂ ಇಲ್ಲೇ, ಕೆಳಗಿನ ಮಹಡೀಲೇ ಇದ್ದಾನೆ, ನಡೆದಾಡ್ತಿದ್ದಾನೆ. ನೀನೇ ಹೇಳು.”

“ಬರ್ತಾನಾ?”

“ಕೇಳ್ತೀನಿ. ಬರಲ್ಲ ಅಂದ್ರೆ ಒತ್ತಾಯ ಮಾಡಲ್ಲ.”

ಗಿಣಿ ಆ ದಿನ ಬರಲಿಲ್ಲ. ಮರುವಾರವೂ ಬರಲಿಲ್ಲ. ಯಾಕೆಂದು ಅವಳು ಕೇಳಲಿಲ್ಲ. ಗಂಡ ಪ್ರತಿ ಸಲ ಬಾಗಿಲತ್ತ ನೋಡುತ್ತಿದ್ದ. ಅವಳು ದಿಂಬು ಎತ್ತರಿಸಿ, ಅವನ ಉಸಿರು ಸ್ವಲ್ಪ ಹಗುರಾದ ಮೇಲೆ, ಬಸ್ಸಿಗೆ ಹೊರಡುತ್ತಿದ್ದಳು.