ಅಳಿಸಿಹಾಕಿದ ಸಾಲು

ಎರಡನೇ ಪರದೆಯ ವೈರು ಕಿತ್ತರೆ ಸಾಕು, ಇಡೀ ಕಂಪ್ಯೂಟರು ಸತ್ತು ಬೀಳುತ್ತಿತ್ತು. ಬೆಳಗಿನಿಂದ ಹದಿನಾಲ್ಕು ಸಲ ಬಿದ್ದಿತ್ತು.

"ಪರದೆ ನಡೆಸೋ ಈ ಡ್ರೈವರ್ ಪ್ರೋಗ್ರಾಮು ನಿಮ್ಮಣ್ಣ ಬರೆದದ್ದಲ್ವಾ ತಾಯಿ," ಎಂದರು ವಿಭಾಗದ ಮುಖ್ಯಸ್ಥರು, ಚಹಾ ಲೋಟವನ್ನು ಅವಳ ಮೇಜಿನ ಮೇಲೆ ಕುಕ್ಕಿ. "ಪಾಪ, ಹೋದೋರ ಬಗ್ಗೆ ಆಡಬಾರದು. ಆದ್ರೂ ತಪ್ಪು ತಪ್ಪೇ. ತಿದ್ದು, ಟಿಪ್ಪಣೀಲಿ ಅವನ ಹೆಸರು ಹಾಕು, ಮುಗೀತು."

ಅಲ್ಲಿಯ ಪದ್ಧತಿಯೇ ಹಾಗೆ. ದೋಷ ತಿದ್ದಿದವರು ಅದನ್ನು ತಂದವರ ಹೆಸರನ್ನೂ ಬರೆಯಬೇಕು. ಆ ಟಿಪ್ಪಣಿ ಅಳಿಯುವುದಿಲ್ಲ, ಲೋಕವೆಲ್ಲ ಓದುತ್ತದೆ. ಅಣ್ಣ ತೀರಿಕೊಂಡು ಐದು ತಿಂಗಳು. ಅವನದೆಂದು ಉಳಿದದ್ದು ಈ ಕೋಡ್ ಒಂದೇ.

ಅವಳು ಹಲ್ಲು ಕಚ್ಚಿಕೊಂಡು ಹುಡುಕಿದಳು. ಗ್ರಾಫಿಕ್ಸ್ ಕಾರ್ಡ್ ಇನ್ನೂ ಕೆಲಸದಲ್ಲಿರುವಾಗಲೇ ಡ್ರೈವರ್ ಅದರ ಮೆಮೊರಿಯನ್ನು ಕಿತ್ತುಕೊಳ್ಳುತ್ತಿತ್ತು, ಉಣ್ಣುವವರ ಮುಂದಿನ ತಟ್ಟೆ ಎಳೆದ ಹಾಗೆ. ಆಮೇಲೆ ಕಾರ್ಡು ಕೈಹಾಕುತ್ತಿದ್ದುದು ಇಡೀ ಯಂತ್ರ ನಡೆಸುವ ಕರ್ನೆಲ್‌ನ ಕರುಳಿಗೇ. ಕೆಲಸ ಮುಗಿಯುವವರೆಗೆ ಕಾಯುವ ಸಾಲೊಂದು ಮೊದಲು ಇತ್ತು. ಯಾರೋ ಅಳಿಸಿದ್ದರು.

ಅಳಿಸಿದವರ ಹೆಸರು ನೋಡಿದಳು. ಅಣ್ಣನದೇ.

ದಿನಾಂಕ ನೋಡಿದಳು. ಅಣ್ಣ ಸತ್ತ ಹತ್ತೊಂಬತ್ತನೆಯ ದಿನ.

"ಅಯ್ಯೋ, ದೆವ್ವ ಬಂದು ಕೋಡ್ ಬರೀತಾ?" ಎಂದು ಇಣುಕಿದ ಪಕ್ಕದ ಮೇಜಿನ ಸಾಫ್ಟ್‌ವೇರ್ ಪರೀಕ್ಷಕಿ ನಾಲಿಗೆ ಕಚ್ಚಿಕೊಂಡಳು. "ತಪ್ಪು ತಿಳೀಬೇಡ ಕಣೇ. ಅವನ ಪಾಸ್‌ವರ್ಡ್ ಯಾರ ಹತ್ರ ಇತ್ತು?"

"ಒಬ್ಬರ ಹತ್ರ."

ಕಾಯುವ ಸಾಲನ್ನು ವಾಪಸು ಸೇರಿಸಿದಳು. ಪರೀಕ್ಷಕಿ ಮೂವತ್ತು ಸಲ ವೈರು ಕಿತ್ತಳು. ಒಮ್ಮೆಯೂ ಬೀಳಲಿಲ್ಲ. ಆಮೇಲೆ ತಂಗಿ ಮುಖ್ಯಸ್ಥರನ್ನು ಕರೆದು ದಿನಾಂಕ ತೋರಿಸಿದಳು.

"ಪ್ರದರ್ಶನ ಇತ್ತಮ್ಮ, ವೇಗ ಬೇಕಿತ್ತು, ಆ ಸಾಲು ತೆಗೆದೆ. ನನ್ನ ಲಾಗಿನ್ ಅವತ್ತು ಕೈಕೊಟ್ಟಿತ್ತು."

"ಸುಳ್ಳು. ಅದೇ ದಿನ ನಿಮ್ಮ ಹೆಸರಲ್ಲಿ ಮೂರು ಬದಲಾವಣೆ ಹೋಗಿವೆ. ಚೆನ್ನಾಗಿರೋದೆಲ್ಲ ನಿಮ್ಮ ಹೆಸರಲ್ಲಿ, ಮುಳುಗಬಹುದಾದ್ದು ಅವನ ಹೆಸರಲ್ಲಿ."

ಮುಖ್ಯಸ್ಥರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅವನಿಗೀಗ ಏನು ನೋವಾಗುತ್ತೆ ಹೇಳು? ನಾಲ್ಕು ಜನಕ್ಕೆ ಮುಖ ತೋರಿಸಬೇಕಾದೋನು ನಾನು."

"ಬಾಯಿಲ್ಲದೋನು ಅಂತ ಅವನ ಹೆಗಲಿಗೆ ಹೇರಿದ್ರಾ? ಅವನ ತಂಗಿಗೆ ಬಾಯಿದೆ."

ಕುಳಿತು ಬೆರಳು ಕುಟ್ಟುತ್ತ ಟಿಪ್ಪಣಿ ಬರೆದಳು. ಸಾಲನ್ನು ಅಳಿಸಿದವರು ವಿಭಾಗದ ಮುಖ್ಯಸ್ಥರು. ಬಳಸಿದ್ದು ತೀರಿಕೊಂಡವನ ಲಾಗಿನ್. ಕೆಳಗೆ ದಿನಾಂಕ ಎರಡು: ಅಳಿಸಿದ್ದು, ಅವನು ಸತ್ತದ್ದು.

"ಯೋಚನೆ ಮಾಡು," ಎಂದರು ಮುಖ್ಯಸ್ಥರು ಬೆನ್ನ ಹಿಂದಿನಿಂದ. "ನಾಳೆ ಈ ಕುರ್ಚಿ ನಿಂದಾಗಿರಲ್ಲ."

ಅವಳು ಎದ್ದು ಕುರ್ಚಿಯನ್ನು ಕಾಲಿನಿಂದ ಅವರತ್ತ ತಳ್ಳಿದಳು.

"ಇವತ್ತೇ ತಗೊಳ್ಳಿ," ಎಂದು ನಿಂತೇ ಟಿಪ್ಪಣಿ ಕಳಿಸಿದಳು.