ಟೇಬಲ್ಲಿನ ಮೇಲೆ ನಾಲ್ಕು ಚಂದ್ರ

ಇದು ನಡೆದದ್ದೇ. ನಂಬಿಕೆ ಬಾರದವರು ಆ ಸಾಗವಾನಿ ಟೇಬಲ್ಲನ್ನೇ ಕೇಳಬಹುದು. ನಾಲ್ಕು ಕಾಲಿದ್ದರೂ ಮಾತು ತಪ್ಪಿಸಿ ಓಡಿಹೋಗುವ ಪೈಕಿಯದಲ್ಲ ಅದು.

ಟೇಬಲ್ಲು ಇದ್ದದ್ದು ಚಿತ್ರದುರ್ಗದಲ್ಲಿ, ಸುಮಾಳ ಬಾಡಿಗೆ ಮನೆಯ ನಡುಮನೆಯಲ್ಲಿ. ಆದರೆ ಅವಳದಲ್ಲ. ಮನೆ ಯಜಮಾನರಾದ ಮುರುಗಪ್ಪ ಹೊಸದುರ್ಗದ ಮಗಳ ಮನೆಗೆ ಹೋಗುವಾಗ ಅದಕ್ಕೆ ಹೊಸ ಪಾಲಿಶ್ ಹೊಡೆಸಿ, "ನಮ್ಮಪ್ಪ ಮಾಡಿಸಿದ್ದು ಕಣಮ್ಮ. ನಾ ಬಂದು ಒಯ್ಯೋವರ್ಗೂ ಮಗು ನೋಡ್ಕಂಡಂಗೆ ನೋಡ್ಕ" ಎಂದು ಒಪ್ಪಿಸಿದ್ದರು. ಆ ಭಾನುವಾರ ಸಂಜೆ ಅವರು ಒಯ್ಯಲು ಬರುವವರಿದ್ದರು.

ಬೆಳಿಗ್ಗೆ ಸುಮಾ ಮಾಳಿಗೆಯ ಮೇಲೆ ಬಟ್ಟೆ ಒಣಹಾಕಿ ಇಳಿಯುವಷ್ಟರಲ್ಲಿ ಬಿಸಿ ಮುದ್ದೆ, ಸೊಪ್ಪಿನ ಸಾರು ತಟ್ಟೆ ಸೇರಿದ್ದವು. ಹಿಂದಿನ ದಿನ ಧರ್ಮಪುರದಿಂದ ಶೇಂಗಾ ಚೀಲದ ಸಮೇತ ಬಂದಿಳಿದಿದ್ದ ಗಂಡನ ಸೋದರತ್ತೆ ಉಚ್ಚಂಗಮ್ಮನ ಕೈಚಳಕ. ಅತ್ತೆ, ಸುಮಾ, ಅವಳ ಗಂಡ, ಮೈದುನ ನಾಲ್ವರೂ ಉಂಡರು. ಗಂಡ ನಾಗಭೂಷಣ ಹೊಳಲ್ಕೆರೆ ಕಡೆ ಕೆಲಸವಿದೆಯೆಂದು ಹೊರಟ. ಅತ್ತೆ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಳು. ಸುಮಾ ಟೇಬಲ್ಲಿನ ಮೇಲೆ ಒದ್ದೆ ಬಟ್ಟೆ ಆಡಿಸಿದಳು. ರಾಗಿಯ ಅಂಟು ಹೋಯಿತು. ಅದರಡಿಯಿಂದ ನಾಲ್ಕು ಬಿಳಿ ಚಂದ್ರ ಮೂಡಿದವು.

"ಏನೋ ಇದು ಶಿವು?"

ಮೈದುನ ಶಿವರಾಜ್ ಬಗ್ಗಿ ನೋಡಿ ನಾಲಿಗೆ ಕಚ್ಚಿಕೊಂಡ. "ಅತ್ತೆ ಇದ್ರ ಮೇಲೇ ಮುದ್ದೆ ಕಟ್ತಿತ್ತು ಅತ್ಗೆ. ನೀರು ಚಿಮುಕ್ಸಿ, ಸುಡೋದನ್ನ ಧಪ್ ಅಂತ ಹಾಕಿ. ಊರಾಗಿನ ಹಲಗೆಗಿಂತ ಇದು ನುಣ್ಣಗೈತೆ ಅಂತ ಹೊಗಳ್ತು ಬೇರೆ."

ಹೇಳುವ ಹಾಗಿಲ್ಲ, ಬಿಡುವ ಹಾಗಿಲ್ಲ. ಉಚ್ಚಂಗಮ್ಮನ ಸಿಟ್ಟು ಬಂಧುಬಳಗದಲ್ಲೆಲ್ಲ ಹೆಸರುವಾಸಿ. ಹಿಂದೊಮ್ಮೆ ಸಾರಿಗೆ ಉಪ್ಪು ಮುಂದಾಯಿತು ಅಂದದ್ದಕ್ಕೆ ಊಟದ ನಡುವೆ ಎದ್ದು ಬಸ್ಸು ಹತ್ತಿದವಳು ಈ ಹೊಸ್ತಿಲು ಮತ್ತೆ ತುಳಿದದ್ದು ನಿನ್ನೆಯೇ. ಸಂಜೆಯೊಳಗೆ ಚಂದ್ರ ಮುಳುಗಬೇಕು, ಅತ್ತೆಗೆ ಕಾರಣ ತಿಳಿಯಬಾರದು.

ಆದರೆ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಸುಮಾಳಿಗೆ ಭಯಕ್ಕಿಂತ ಮೊದಲು ಕುತೂಹಲ ಹತ್ತಿತ್ತು. ಕರಿ ರಾಗಿ ಬಿಳಿ ಕಲೆ ಬಿಟ್ಟದ್ದು ಹೇಗೆ? ಉಗುರಿನಿಂದ ಸವರಿದಳು. ಏನೂ ಸಿಗಲಿಲ್ಲ.

"ನಿಂಬೆಹಣ್ಣು ತರ್ಲಾ?" ಎಂದ ಶಿವರಾಜ್.

"ಹುಳಿ ತಾಗಿದ್ರೆ ಇರೋ ಪಾಲಿಶೂ ಹೋಗುತ್ತೆ, ಸುಮ್ನಿರು."

ಕೊಬ್ಬರಿ ಎಣ್ಣೆ ತಿಕ್ಕಿದಳು. ಚಂದ್ರನಿಗೆ ಹೊಳಪು ಬಂತು. ಎಣ್ಣೆ ಒರೆಸಿ, ಕಣ್ಣು ಹತ್ತಿರ ತಂದು ನೋಡುವಾಗ ಅವಳ ಉಸಿರು ಪಾಲಿಶಿಗೆ ತಾಗಿ ಅಲ್ಲೊಂದು ಬಿಳಿ ಮಂಜು ಕಟ್ಟಿತು, ಕರಗಿತು. ಮತ್ತೆ ಉಸಿರು ಬಿಟ್ಟಳು. ಮತ್ತೆ ಕಟ್ಟಿತು, ಕರಗಿತು.

"ಇದು ರಾಗಿ ಕಲೆ ಅಲ್ವೋ! ಹಬೆ. ಪಾಲಿಶ್ ಒಳಗೆ ಹೊಕ್ಕು ಸಿಕ್ಕಿಹಾಕ್ಕೊಂಡಿದೆ. ಬಿಸಿ ತೋರಿಸಿ ಹೊರಗೆ ಕರೀಬೇಕು. ಇಸ್ತ್ರಿಪೆಟ್ಟಿಗೆ ತಾ, ನಿಮ್ಮಣ್ಣನ ಹಳೇ ಪಂಚೆ ತಾ."

ಇಸ್ತ್ರಿಯನ್ನು ಅತಿ ಕಡಿಮೆ ಬಿಸಿಗಿಟ್ಟು, ಒಣ ಪಂಚೆಯ ಮೇಲೆ ಒತ್ತಿ, ಎತ್ತಿ, ನೋಡಿ, ಮತ್ತೆ ಒತ್ತುತ್ತಿರುವಾಗಲೇ ಉಚ್ಚಂಗಮ್ಮ ಒಳಗೆ ಬಂದಳು.

"ಇದೇನವ್ವ, ಟೇಬಲ್ಲಿಗೆ ಇಸ್ತ್ರಿ ಹಾಕ್ತೀಯ?"

ಸುಮಾ ಬಾಯಿ ತೆರೆಯುವ ಮೊದಲೇ ಶಿವರಾಜ್ ಎದೆ ಉಬ್ಬಿಸಿ ಪೀಠೋಪಕರಣದ ಅಂಗಡಿಯವನ ಮೂಗುದನಿ ಹಚ್ಚಿದ. "ಬರ್ರಿ ಅಮ್ಮಾ, ಬರ್ರಿ! ಕಂಪನಿಯಿಂದ್ಲೇ ಚಂದ್ರ ಮೂಡಿಸಿರೋ ಹೊಸ ಮಾಡಲ್ಲು! ವಾರಕ್ಕೊಂದ್ಸಲ ಇಸ್ತ್ರಿ ಹಾಕಿದ್ರೆ ಟೇಬಲ್ಲು ಸುಕ್ಕಾಗಲ್ಲ, ಗ್ಯಾರಂಟಿ ಐತೆ!"

"ಹೌದೇನಪ್ಪ?" ಉಚ್ಚಂಗಮ್ಮ ಕಣ್ಣರಳಿಸಿ ಕುರ್ಚಿ ಎಳೆದು ಕುಳಿತಳು. "ಮರದೊಳಗೆ ಚಂದ್ರನ್ನ ಹೆಂಗ್ ಇಳಿಸ್ತಾರಲೇ? ಇಸ್ತ್ರಿ ಹಾಕಿದ್ರೆ ಮಾಯ ಆಗ್ತಾ ಐತಲ್ಲ, ಮತ್ತೆ ಹುಣ್ಣಿಮೆಗೆ ಬರ್ತೈತಾ?"

"ಬರ್ತೈತೆ ಅತ್ತೆ, ಅಮಾಸೆಗೆ ಹೋಗ್ತೈತೆ."

ಸುಮಾ ನಗು ತಡೆಯಲು ಕೆನ್ನೆ ಕಚ್ಚಿಕೊಂಡು ಒತ್ತುತ್ತಲೇ ಇದ್ದಳು. ಒಂದು ಹೋಯಿತು. ನಿಧಾನವಾಗಿ ಎರಡನೆಯದೂ ಮೂರನೆಯದೂ ಹೋದವು. ಪಂಚೆ ಎತ್ತಿದಾಗಲೆಲ್ಲ ಉಚ್ಚಂಗಮ್ಮ ಇಣುಕಿ "ಅಬ್ಬಬ್ಬಾ" ಎನ್ನುತ್ತಿದ್ದಳು. ಟೀಪುಡಿ ತರುತ್ತೇನೆಂದು ಶಿವರಾಜ್ ಹೊರಗೆ ಹೋದ.

ಒಂದೇ ಚಂದ್ರ ಉಳಿದಿರುವಾಗ ಮೆಟ್ಟಿಲ ಮೇಲೆ ಕೆಮ್ಮು ಕೇಳಿಸಿತು. ಬೆನ್ನಿಗೇ ಮುರುಗಪ್ಪನವರ ಗಡಸು ದನಿ: "ಶಿವಶಿವಾ... ಸುಮಮ್ಮಾ, ಗಾಡಿ ಸಿಕ್ತು, ಬೇಗ್ನೇ ಬಂದ್ಬಿಟ್ಟೆ. ನಮ್ ಟೇಬಲ್ಲು ಒಯ್ಯಾಕೆ ರೆಡಿ ಐತಾ?"

ಸುಮಾಳ ಕೈ ಗಾಳಿಯಲ್ಲೇ ನಿಂತಿತು. ಏನು ಮಾಡಲಿ ಎಂದು ಅವಳು ಯೋಚಿಸುವಷ್ಟರಲ್ಲಿ ಉಚ್ಚಂಗಮ್ಮ ಕುರ್ಚಿ ಮೆಟ್ಟಿ, ಸೀರೆ ಎತ್ತಿಕಟ್ಟಿ, ಟೇಬಲ್ಲನ್ನೇರಿ ಚಂದ್ರನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟಳು.

"ಬರ್ರಿ ಯಜಮಾನ್ರೇ!" ಬಾಗಿಲಿನತ್ತ ಕೂಗಿದಳು. "ನಂಗೆ ಸೊಂಟ ಹಿಡ್ಕಂಡೈತೆ. ನಾನಂತೂ ಇಲ್ಲಿಂದ ಏಳಲ್ಲ! ಬೇಕಾದ್ರೆ ನಾಳಿಕ್ಕೆ ಬಂದು ನನ್ನೂ ಸೇರ್ಸಿ ಹೊತ್ಕಂಡ್ ಹೋಗ್ರಿ!"

ಬಾಗಿಲು ತೆರೆಯಿತು. ನಿಂತಿದ್ದವನು ಶಿವರಾಜ್, ಒಬ್ಬನೇ. ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೊಸ್ತಿಲ ಮೇಲೆಯೇ ಕುಸಿದ.

"ಲೇ ಕೋಡಂಗಿ! ನೀನೇನಲೇ?"

ಸುಮಾ ನಗಲಿಲ್ಲ. ಅವಳಿಗೆ ಬೇರೆಯೇ ಪ್ರಶ್ನೆ ಎದ್ದಿತ್ತು. "ಅತ್ತೆ, ನೀವ್ಯಾಕೆ ಹತ್ತಿ ಕೂತ್ರಿ?"

ಉಚ್ಚಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಮತ್ತೇನ್ ಮಾಡ್ಲೆ? ನಾ ಕಟ್ಟಿದ ಮುದ್ದೆ ಗುರ್ತು ನಂಗೆ ಸಿಗಲ್ವೇನೆ? ಆ ದಪ್ಪಂದು ನಾಗಂದು. ಮೂಲೇಲಿ ಗೋಲಿಯಂಗಿತ್ತಲ್ಲ, ಅದು ನಿಂದು. ಈಗ ಕುಂತಿರೋದು ನಂದೇ ಮುದ್ದೆ ಮೇಲೆ."

"ಗೊತ್ತಿದ್ದೂ ಸುಮ್ನಿದ್ರಾ?"

"ನೀವು ಬಾಯಿಬಿಟ್ಟು ಹೇಳಿದ್ರೆ ನಾ ಸಿಟ್ಟಾಗ್ಬೇಕಿತ್ತು. ಸಿಟ್ಟಾದ್ರೆ ಬಸ್ ಹತ್ತಬೇಕಿತ್ತು. ಈ ಬಿಸ್ಲಾಗೆ ಧರ್ಮಪುರಕ್ಕೆ ಯಾರ್ ಹೋಗ್ತಾರವ್ವ? ಅದ್ಕೇ ಚಂದ್ರ ಅಂದ್ರೆ ಚಂದ್ರ ಅಂದೆ!"

ಈಗ ಸುಮಾ ನಕ್ಕಳು. ಶಿವರಾಜ್ ನೆಲದ ಮೇಲೆ ಹೊರಳಿದ. ಉಚ್ಚಂಗಮ್ಮ ಮಾತ್ರ ಕೆಳಗಿಳಿದು, "ತತ್ತಾರೇ ಇತ್ಲಾಗೆ, ಆರೋದ್ರಾಗೆ ನಂದೂ ಒಂದು ಒತ್ತಾಣ" ಎಂದು ಇಸ್ತ್ರಿ ಕಿತ್ತುಕೊಂಡಳು. ಪಂಚೆಯ ಮೇಲೆ ಒತ್ತಿ ಎತ್ತಿದಳು. ಬರೀ ಮರ ಮಿಂಚಿತು. "ಸೊಂಟ ಹಿಡ್ಕಂಡೈತೆ ಅಂದ್ನಲ್ಲೇ!" ಎಂದು ತನ್ನ ಮಾತು ತಾನೇ ನೆನೆದು ನಗತೊಡಗಿದವಳು, ಉಳಿದಿಬ್ಬರ ನಗು ನಿಂತು ಅವರು ಮುಖ ಮುಖ ನೋಡಿಕೊಳ್ಳುತ್ತಿದ್ದರೂ ನಿಲ್ಲಿಸಲಿಲ್ಲ, ಎದುರುಮನೆಯ ಕಿಟಕಿ ತೆರೆದುಕೊಳ್ಳುವಷ್ಟು ಜೋರಾಗಿ ನಗುತ್ತಲೇ ಇದ್ದಳು.